ಒಬ್ಬಟ್ಟು ಸಾಕು, ಓದುವವರು ಬೇಕು

ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಜಿಲ್ಲಾ ಕೇಂದ್ರದ ಹೊರವಲಯದಲ್ಲಿರುವ ಅಂಧ ಮಕ್ಕಳ ವಸತಿಶಾಲೆಯ ಗೇಟಿನೊಳಗೆ ಎರಡು ಕಾರು ಬಂದು ನಿಂತಿವೆ. ಡಿಕ್ಕಿಯ ತುಂಬ ಅಡುಗೆ ಭಟ್ಟರು ಕಟ್ಟಿಕೊಟ್ಟ ಸ್ಟೀಲ್ ಪಾತ್ರೆಗಳು. ಊಟದ ಹಾಲಿನಲ್ಲಿ ಸಾಲಾಗಿ ಕೂತ ಮಕ್ಕಳಿಗೆ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗಿದೆ: ಒಬ್ಬಟ್ಟು. ಹೋದ ವಾರವೂ ಅದೇ, ಅದರ ಹಿಂದಿನ ವಾರವೂ ಅದೇ. ಹುಟ್ಟುಹಬ್ಬದ ಹುಡುಗ ಹೊಸ ಅಂಗಿ ತೊಟ್ಟು ಅಮ್ಮನ ಸೆರಗು ಹಿಡಿದು ನಿಂತಿದ್ದಾನೆ. ಅವನ ಚಿಕ್ಕಪ್ಪ ಮೊಬೈಲ್ ಎತ್ತಿ ಹಿಡಿದಿದ್ದಾರೆ. ಒಬ್ಬಟ್ಟಿಗೆ ತುಪ್ಪ ಬೀಳುತ್ತದೆ, ಫೋಟೊ ಬೀಳುತ್ತದೆ, ಮಕ್ಕಳೆಲ್ಲ ಒಂದೇ ರಾಗದಲ್ಲಿ ‘ಹ್ಯಾಪಿ ಬರ್ತ್‌ಡೇ’ ಹಾಡುತ್ತಾರೆ. ಎರಡು ಗಂಟೆಗೆ ಕಾರುಗಳು ಹೊರಟು ಹೋಗುತ್ತವೆ.

ಇಂಥ ಶಾಲೆಗೆ ಒಮ್ಮೆ ಫೋನ್ ಮಾಡಿ ನೋಡಿ. ‘ಸರ್, ಮುಂದಿನ ಭಾನುವಾರ ಊಟ ಹಾಕಿಸಬಹುದಾ?’ ಎಂದು ಕೇಳಿದರೆ, ‘ಭಾನುವಾರ ಖಾಲಿ ಇಲ್ಲ ಅಮ್ಮ, ಮಂಗಳವಾರ ಬೇಕಾದರೆ ಬರೆದುಕೊಳ್ಳುತ್ತೇನೆ’ ಎಂಬ ಉತ್ತರ ಬರುವುದೇ ಹೆಚ್ಚು. ಭಾನುವಾರ, ಹಬ್ಬ, ಹುಣ್ಣಿಮೆ, ಪುಣ್ಯತಿಥಿಗಳೆಲ್ಲ ಮೊದಲೇ ಬುಕ್ ಆಗಿರುತ್ತವೆ. ಅನ್ನದಾನಕ್ಕೆ ನಮ್ಮಲ್ಲಿ ಬರವಿಲ್ಲ, ಅದು ಒಳ್ಳೆಯದೇ. ಆದರೆ ಅದೇ ಶಾಲೆಯ ಹತ್ತನೇ ತರಗತಿಯ ಹುಡುಗಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಬರೆದುಕೊಡಲು ಯಾರೂ ಸಿಕ್ಕಿರುವುದಿಲ್ಲ. ಪಿಯುಸಿ ಮುಗಿಸಿದ ಹುಡುಗನಿಗೆ ಬಿ.ಎ. ಪಠ್ಯವನ್ನು ಓದಿ ಹೇಳುವವರಿರುವುದಿಲ್ಲ. ಬ್ರೈಲ್ ಕಲಿಸುವ ಮೇಷ್ಟ್ರ ಸಂಬಳ ತಡವಾಗಿರುತ್ತದೆ.

ದೃಷ್ಟಿ ಇಲ್ಲದವರಿಗಾಗಿ ದುಡಿಯುವ ಸಂಸ್ಥೆ ನಮ್ಮೂರಲ್ಲೂ ಒಂದಿದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಅದಕ್ಕೆ ನಿಜಕ್ಕೂ ಏನು ಬೇಕು ಎಂಬುದು ಗೊತ್ತಿರುವವರು ಕಡಿಮೆ.

ಕತ್ತಲೆಯೊಂದೇ ಅಲ್ಲ

2011ರ ಜನಗಣತಿ ಪ್ರಕಾರ ದೇಶದಲ್ಲಿ ನೋಟದ ತೊಂದರೆ ಇರುವವರು ಸುಮಾರು 50 ಲಕ್ಷ. ಕರ್ನಾಟಕದಲ್ಲಿ 2.6 ಲಕ್ಷಕ್ಕೂ ಹೆಚ್ಚು. ಇವರೆಲ್ಲರೂ ಏನೂ ಕಾಣದವರಲ್ಲ. ಒಬ್ಬರಿಗೆ ಬೆಳಕು–ನೆರಳು ತಿಳಿಯುತ್ತದೆ. ಇನ್ನೊಬ್ಬರಿಗೆ ನಡುವಿನದಷ್ಟೇ ಕಂಡು ಅಕ್ಕಪಕ್ಕದ್ದು ಕಾಣದು. ಮತ್ತೊಬ್ಬರು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾರೆ, ಆದರೆ ಸಂಜೆಯಾದ ಮೇಲೆ ಮೆಟ್ಟಿಲು ಗುರುತಿಸಲಾರರು.

ಮಂದದೃಷ್ಟಿಯ ಈ ಮಂದಿಯದು ಒಂದು ಬಗೆಯ ಎಡಬಿಡಂಗಿ ಪಾಡು. ಬಸ್ಸಿನಲ್ಲಿ ಬೋರ್ಡು ಕೇಳಿದರೆ ‘ಕಣ್ಣು ಕಾಣಲ್ವಾ?’ ಎಂದು ಗದರುವವರು, ಮೊಬೈಲ್ ನೋಡಿದರೆ ‘ಕಾಣುತ್ತಲ್ಲ, ನಾಟಕ’ ಎನ್ನುವವರು. ಇವರಿಗೆ ಬೇಕಾದ ನೆರವು ತೀರಾ ಸಣ್ಣದು, ಅಗ್ಗದ್ದು: ದಪ್ಪ ಅಕ್ಷರದ ನೋಟ್ಸ್, ಕಪ್ಪು ಸ್ಕೆಚ್ ಪೆನ್ನು, ದಪ್ಪ ಗೆರೆ ಎಳೆದ ಪುಸ್ತಕ, ಮೇಜಿನ ಮೇಲೊಂದು ದೀಪ, ಕೈಯಲ್ಲಿ ಹಿಡಿಯುವ ಭೂತಗನ್ನಡಿ. ಸಿಮೆಂಟಿನ ಮೆಟ್ಟಿಲು ಇವರ ಕಣ್ಣಿಗೆ ಒಂದೇ ಬೂದು ಇಳಿಜಾರು. ಪ್ರತಿ ಮೆಟ್ಟಿಲಿನ ಅಂಚಿಗೂ ಎರಡು ಇಂಚು ಅಗಲದ ಹಳದಿ ಪಟ್ಟಿ ಬಳಿದರೆ ಎಡವುವುದು ತಪ್ಪುತ್ತದೆ. ಒಂದು ಡಬ್ಬಿ ಪೇಂಟು, ಕಾಲೇಜಿನ ಎನ್‌ಎಸ್‌ಎಸ್ ಹುಡುಗರ ಒಂದು ಮುಂಜಾವು ಸಾಕು. ಆದರೂ ಎನ್‌ಎಸ್‌ಎಸ್ ತಂಡಗಳು ಅಂಧರ ಶಾಲೆಗೆ ಬಂದರೆ ಅಂಗಳ ಗುಡಿಸಿ, ಹಣ್ಣು ಹಂಚಿ ಹೋಗುತ್ತವೆ.

ತುಲಾಭಾರದ ನಾಣ್ಯ, ನಾಟಕದ ಟಿಕೆಟ್ಟು

ಊರ ನೆರವಿನಿಂದ ಇಂಥ ಸಂಸ್ಥೆ ಕಟ್ಟಿದ್ದು ನಮಗೆ ಹೊಸದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಉತ್ತರ ಕರ್ನಾಟಕದ ಕಥೆ ಇನ್ನೂ ಸ್ವಾರಸ್ಯದ್ದು. ಹುಟ್ಟುಗುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಆ ಬಳಗ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆ ನೊಗ ಹೊತ್ತರು. ಅವರೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು.

ನೂರಾರು ಹೊಟ್ಟೆಗೆ ಅನ್ನ, ನೂರಾರು ಕಂಠಕ್ಕೆ ಸಂಗೀತ. ದುಡ್ಡು ಬಂದದ್ದು ಎಲ್ಲಿಂದ? ಒಂದು ದಾರಿ ನಾಟಕ. ಆಶ್ರಮಕ್ಕೇ ಒಂದು ನಾಟಕ ಕಂಪನಿ ಇತ್ತು. ಪುಟ್ಟರಾಜ ಗವಾಯಿಗಳೇ ನಾಟಕ ಬರೆದು, ರಾಗ ಹಾಕಿ, ಆಡಿಸಿದರು. ಗಳಿಕೆ ಆಶ್ರಮಕ್ಕೆ ಬಂತು. ಇನ್ನೊಂದು ದಾರಿ ತುಲಾಭಾರ. ಹಳ್ಳಿ ಹಳ್ಳಿಗಳಲ್ಲಿ ಭಕ್ತರು ಗವಾಯಿಗಳನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ತೂಗಿದರು. ಆ ನಾಣ್ಯ ಆಶ್ರಮದ ಮಕ್ಕಳಿಗೆ ಹೋಯಿತು. 2010ರಲ್ಲಿ ಪದ್ಮಭೂಷಣ ಬಂದ ವರ್ಷವೇ ಗವಾಯಿಗಳು ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡಿವೆ. ನಾಟಕದ ಟಿಕೆಟ್ ಕೊಂಡವನು ಕರುಣೆಯಿಂದ ಕೊಂಡವನಲ್ಲ, ನಾಟಕ ಚೆನ್ನಾಗಿತ್ತು. ತುಲಾಭಾರದ ನಾಣ್ಯಕ್ಕೆ ‘ಇದು ಪಾಯಸಕ್ಕೆ ಮಾತ್ರ’ ಎಂಬ ಚೀಟಿ ಅಂಟಿರಲಿಲ್ಲ. ಹಾರ್ಮೋನಿಯಂ ರಿಪೇರಿಗೋ ಜೋಳಕ್ಕೋ ಯಾವುದಕ್ಕೆ ಎಂದು ಆಶ್ರಮವೇ ತೀರ್ಮಾನಿಸಬಹುದಿತ್ತು. ಈಗಿನ ದಾನಿಗಳು ಮರೆತಿರುವುದು ಈ ಎರಡನೆಯದನ್ನು.

ಮಾರ್ಚ್ ತಿಂಗಳ ಬರ

ಈಗ ಪರೀಕ್ಷೆಯ ಮಾತು. ದೃಷ್ಟಿ ಇಲ್ಲದ ವಿದ್ಯಾರ್ಥಿ ಉತ್ತರ ಹೇಳುತ್ತಾನೆ, ಪಕ್ಕದಲ್ಲಿ ಕೂತವರು ಬರೆಯುತ್ತಾರೆ. ಇವರನ್ನು ಕಾಗದಪತ್ರಗಳಲ್ಲಿ ಲಿಪಿಕಾರ ಎಂದರೂ ಶಾಲೆ ಕಾಲೇಜುಗಳಲ್ಲಿ ಎಲ್ಲರೂ ಕರೆಯುವುದು ಸ್ಕ್ರೈಬ್ ಎಂದೇ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ ನಡೆಯುತ್ತದೆ.

ಕೇಳಲು ಸಲೀಸು. ತೊಡಕಿರುವುದು ಸ್ಕ್ರೈಬ್ ಹುಡುಕುವುದರಲ್ಲಿ. ಉತ್ತರ ಸ್ಕ್ರೈಬ್‌ನ ತಲೆಯಿಂದ ಬರಬಾರದು ಎಂಬ ಕಾರಣಕ್ಕೆ, ಬರೆಯುವವರು ಸಾಮಾನ್ಯವಾಗಿ ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಪರೀಕ್ಷೆಯಿಂದ ಪರೀಕ್ಷೆಗೆ ನಿಯಮದ ವಿವರ ಬೇರೆಯಾಗುತ್ತದೆ. ಹಾಗಾಗಿ ‘ನಾನು ನಿವೃತ್ತ ಲೆಕ್ಚರರ್, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬರೆದುಕೊಡುತ್ತೇನೆ’ ಎಂದು ಮುಂದೆ ಬರುವವರಿಗೆ ಶಾಲೆಯವರು ಕೈಮುಗಿದು ಕಳಿಸಬೇಕಾಗುತ್ತದೆ. ಬೇಕಾಗಿರುವುದು ನಿಮ್ಮ ಮನೆಯ ಎಂಟನೇ, ಒಂಬತ್ತನೇ ತರಗತಿಯ ಮಗಳು. ಡಿಗ್ರಿ ಓದುವವರಿಗೆ ಬೇಕಾಗಿರುವುದು ನಿಮ್ಮ ಪಿಯುಸಿ ಮಗ. ಮಾರ್ಚ್‌ನಲ್ಲಿ ಇವರಿಗೂ ಪರೀಕ್ಷೆ, ಇಲ್ಲವೇ ಟ್ಯೂಷನ್. ಕೊನೆ ಗಳಿಗೆಯಲ್ಲಿ ‘ಅಮ್ಮ ಬೇಡ ಅಂದ್ರು’ ಎಂದು ಫೋನ್ ಬರುವುದೂ ಉಂಟು. ಹೆಸರು, ಭಾವಚಿತ್ರ, ಗುರುತಿನ ಚೀಟಿ ಎಲ್ಲ ಮೊದಲೇ ಕೊಟ್ಟು ಅನುಮತಿ ಪಡೆದಿರಬೇಕಾದ್ದರಿಂದ ಹಿಂದಿನ ರಾತ್ರಿ ಬದಲಿ ಹುಡುಕುವುದು ಸಣ್ಣ ಕೆಲಸವಲ್ಲ.

ಪರೀಕ್ಷಾ ಕೊಠಡಿಯಲ್ಲಿ ಸ್ಕ್ರೈಬ್ ಮಾಡಬೇಕಾದದ್ದೇನು? ಮೊದಲು ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಬೇಕು, ಅಂಕಗಳನ್ನೂ ಸೇರಿಸಿ. ಕಣ್ಣಿದ್ದವರು ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ಯಾವುದನ್ನು ಮೊದಲು ಬರೆಯಲಿ ಎಂದು ಲೆಕ್ಕ ಹಾಕುತ್ತಾರೆ. ಇವನಿಗೆ ಆ ಲೆಕ್ಕ ನಿಮ್ಮ ಓದಿನಿಂದಲೇ ಸಿಗಬೇಕು. ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. ತಪ್ಪು ಉತ್ತರ ಎಂದು ಗೊತ್ತಿದ್ದರೂ ಕೆಮ್ಮಬಾರದು. ‘ಈ ಉತ್ತರ ಎಷ್ಟು ಗೆರೆ ಆಯ್ತು?’ ಎಂದು ನಡುನಡುವೆ ಕೇಳುತ್ತಾನೆ. ಸರಿಯಾಗಿ ಎಣಿಸಿ ಹೇಳಬೇಕು, ಯಾಕೆಂದರೆ ಐದು ಅಂಕದ ಉತ್ತರ ಸಾಕಷ್ಟು ಉದ್ದವಾಯಿತೇ ಎಂದು ಅವನು ಅಳೆಯುವುದು ಅದರಿಂದ. ನಕ್ಷೆ, ಚಿತ್ರ ಬರುವ ಕಡೆ ದೃಷ್ಟಿ ವಿಕಲಚೇತನರಿಗೆಂದೇ ಬದಲಿ ಪ್ರಶ್ನೆ ಮುದ್ರಿಸಿರುತ್ತಾರೆ. ಪುಟದ ಮೂಲೆಯಲ್ಲಿರುವ ಅದನ್ನು ಗಮನಿಸದೆ ಬಿಟ್ಟರೆ ಅಂಕ ಹೋದಂತೆ.

ಒಳ್ಳೆಯ ಕೈಬರಹ, ವೇಗ, ಬಾಯಿ ಬಿಗಿಹಿಡಿಯುವ ಸಂಯಮ ಮೂರೂ ಒಬ್ಬರಲ್ಲೇ ಸಿಗುವುದು ಅಪರೂಪ. ಪರೀಕ್ಷೆಗೆ ಮುಂಚೆ ಎರಡು ಮೂರು ಸಲ ಜೊತೆಯಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಬರೆದು ನೋಡಿದರೆ ಇಬ್ಬರಿಗೂ ಅಭ್ಯಾಸವಾಗುತ್ತದೆ. ನಿವೃತ್ತ ಲೆಕ್ಚರರಿಗೂ ಇಲ್ಲಿ ಕೆಲಸವಿದೆ. ಜನವರಿಯಿಂದಲೇ ಪಾಠ ಹೇಳಿಕೊಡಬಹುದು, ಸ್ಕ್ರೈಬ್ ಮಕ್ಕಳಿಗೆ ತರಬೇತಿ ಕೊಡಬಹುದು, ಪರೀಕ್ಷೆಯ ದಿನ ಆಟೊದಲ್ಲಿ ಕರೆದೊಯ್ದು ಹೊರಗೆ ಕಾಯಬಹುದು.

‘ಕ’ ಹೋಗಿ ‘ಪಿ’ ಆದ ಕಥೆ

ಈಗಿನ ಅಂಧ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಇದೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಫೋನಿನೊಳಗೇ ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಅಂಧ ಯುವಕರು. ಹಾಗಾದರೆ ಓದಿ ಹೇಳುವವರು ಯಾಕೆ ಬೇಕು ಎನ್ನಬಹುದು. ಇಂಗ್ಲಿಷಿನಲ್ಲಿ ಓದುವವರಿಗೆ ಮುಕ್ಕಾಲು ದಾರಿ ಸುಗಮವಾಗಿದೆ. ಕನ್ನಡದಲ್ಲಿ ಓದುವವರು ಬಾಗಿಲಲ್ಲೇ ನಿಂತಿದ್ದಾರೆ.

ಕಾರಣ ನಮ್ಮ ಹಳೆಯ ಫಾಂಟುಗಳು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಬೆರಳಚ್ಚಿಗೆ ನುಡಿಯಂಥ ತಂತ್ರಾಂಶಗಳು ಬಂದವು. ಕನ್ನಡಕ್ಕೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ‘ಕ’ ಇರುವ ಕಡೆ ಇಂಗ್ಲಿಷಿನ ಪಿ, ‘ನ’ ಇರುವ ಕಡೆ ಬ್ರಿಟಿಷ್ ಪೌಂಡಿನ ಗುರುತು. ಓದುವ ಯಂತ್ರ ಪಾಪ, ತನಗೆ ಕಂಡದ್ದನ್ನೇ ಓದುತ್ತದೆ. ‘ಕನ್ನಡ’ ಎಂಬ ಪದದ ಮೇಲೆ ಕರ್ಸರ್ ಇಟ್ಟರೆ ಕಿವಿಗೆ ಬೀಳುವುದು ಪಿ, ಪೌಂಡ್ ಎಂಬ ಗೊಂದಲ. ಹೀಗೆ ಟೈಪಾದ ನೋಟ್ಸು, ಸುತ್ತೋಲೆ, ಪ್ರಬಂಧ, ಪುಸ್ತಕಗಳು ರಾಶಿ ರಾಶಿ ಇವೆ. ಬ್ರೈಲ್‌ಗೆ ತರ್ಜುಮೆ ಮಾಡುವ ತಂತ್ರಾಂಶಕ್ಕೂ ಯೂನಿಕೋಡ್ ಪಠ್ಯವೇ ಬೇಕು.

ಪರಿವರ್ತಕಗಳು ಇವೆ, ಪುಟದ ಫೋಟೊ ತೆಗೆದರೆ ಅಕ್ಷರ ಗುರುತಿಸುವ ಆ್ಯಪ್‌ಗಳೂ ಇವೆ. ಆದರೆ ಯಂತ್ರ ಅರ್ಕಾವತ್ತು ನುಂಗುತ್ತದೆ, ‘ಪ’ವನ್ನು ‘ವ’ ಮಾಡುತ್ತದೆ, ಅಡಿಟಿಪ್ಪಣಿಯನ್ನು ತಂದು ವಾಕ್ಯದ ನಡುವೆ ತುರುಕುತ್ತದೆ. ‘ಪರ’ ಹೋಗಿ ‘ವರ’ ಆದರೆ ಕಣ್ಣಿದ್ದವರು ಊಹಿಸಿಕೊಂಡು ಮುಂದೆ ಹೋದಾರು. ಕಿವಿಯಲ್ಲಿ ಮಾತ್ರ ಓದುವವರಿಗೆ ಮೂಲ ಪುಟ ತೆಗೆದು ನೋಡುವ ಅವಕಾಶವೇ ಇಲ್ಲ.

ಆದ್ದರಿಂದ ಇಂದು ಕನ್ನಡದ ಅಂಧ ಓದುಗರಿಗೆ ತುರ್ತಾಗಿ ಬೇಕಾದವರು ಕರಡು ತಿದ್ದುವವರು. ದಿನಕ್ಕೆ ನಾಲ್ಕು ಪುಟ ತಿದ್ದಿದರೆ ತಿಂಗಳಿಗೊಂದು ಪುಸ್ತಕ ಸಿದ್ಧ. ಗೃಹಿಣಿಯರು, ನಿವೃತ್ತ ಪತ್ರಕರ್ತರು, ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಕೂತು ‘ಕನ್ನಡಕ್ಕೆ ಏನಾದರೂ ಮಾಡಬೇಕು’ ಎನ್ನುವವರು, ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಕಾನೂನಿನ ಭಯ ಬೇಡ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ, ಅಂಗವಿಕಲರು ಓದಲು ಬರುವಂಥ ರೂಪಕ್ಕೆ ಪುಸ್ತಕಗಳನ್ನು ಲಾಭದ ಉದ್ದೇಶವಿಲ್ಲದೆ ಬದಲಿಸಲು ಅವಕಾಶ ಕೊಟ್ಟಿದೆ. ಇಂಥ ಪುಸ್ತಕಗಳು ದೇಶದ ಗಡಿ ದಾಟಲು ಅನುವು ಮಾಡುವ 2013ರ ಮರಾಕೆಶ್ ಒಪ್ಪಂದವನ್ನು ಮೊಟ್ಟಮೊದಲು ಅನುಮೋದಿಸಿದ ದೇಶವೂ ಭಾರತವೇ. ತಿದ್ದಿದ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಊರಿಗೆಲ್ಲ ಹಂಚದೆ ಸಂಸ್ಥೆಯ ಕೈಗೇ ಕೊಡಬೇಕು, ಅಷ್ಟೆ.

ಕುಕ್ಕರ್ ಸೀಟಿ ಬೇಡ

ದನಿಯಲ್ಲಿ ಓದಿ ಧ್ವನಿಮುದ್ರಿಸಿ ಕೊಡುವುದು ಇನ್ನೊಂದು ದಾರಿ. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿಯಂಥ ಸಂಸ್ಥೆಗಳು ಮಾತಾಡುವ ಪುಸ್ತಕಗಳ ಗ್ರಂಥಾಲಯವನ್ನೇ ನಡೆಸುತ್ತವೆ. ನಿಮ್ಮೂರಲ್ಲಿ ಸ್ಟುಡಿಯೊ ಇಲ್ಲದಿದ್ದರೂ ಚಿಂತೆಯಿಲ್ಲ, ಈಗಿನ ಫೋನು ಸಾಕು.

ಓದಲು ಕೂರುವವರು ಮೊದಲು ಬಿಡಬೇಕಾದದ್ದು ನಟನೆ. ನಾಟಕೀಯವಾಗಿ ಓದಿದರೆ ಒಂದು ಕಥೆ ಚೆನ್ನಾಗಿರುತ್ತದೆ, ಮುನ್ನೂರು ಪುಟದ ಅರ್ಥಶಾಸ್ತ್ರ ತಲೆನೋವಾಗುತ್ತದೆ. ಕೇಳುವವರು ಹೇಗೂ ವೇಗ ಹೆಚ್ಚಿಸಿಕೊಂಡು ಕೇಳುತ್ತಾರೆ. ನಿಮ್ಮ ದನಿ ಸ್ಪಷ್ಟವಾಗಿ, ಒಂದೇ ಹದದಲ್ಲಿದ್ದರೆ ಸಾಕು. ಪುಟದ ಸಂಖ್ಯೆ ಹೇಳಿ, ಯಾಕೆಂದರೆ ಮೇಷ್ಟ್ರು ತರಗತಿಯಲ್ಲಿ ‘ಪುಟ 64 ತೆಗೀರಿ’ ಎನ್ನುತ್ತಾರೆ. ಅಧ್ಯಾಯಕ್ಕೊಂದು ಬೇರೆ ಫೈಲ್ ಮಾಡಿ. ಕೋಷ್ಟಕ ಬಂದರೆ ಮೊದಲು ಎಷ್ಟು ಕಾಲಂ, ಏನೇನು ಶೀರ್ಷಿಕೆ ಎಂದು ಹೇಳಿ, ಆಮೇಲೆ ಅಡ್ಡಸಾಲಾಗಿ ಓದಿ. ಚಿತ್ರವಿದ್ದರೆ ‘ಇಲ್ಲೊಂದು ಚಿತ್ರವಿದೆ’ ಎಂದು ಹಾರಿಸಬೇಡಿ, ಅದರಲ್ಲಿ ಏನಿದೆ ಎಂದು ಎರಡು ವಾಕ್ಯ ಹೇಳಿ. ಫ್ಯಾನ್ ಆರಿಸಿ. ಅಡುಗೆಮನೆಯ ಬಾಗಿಲು ಮುಚ್ಚಿ. ಕುಕ್ಕರ್ ಸೀಟಿ ಬಿದ್ದ ವಾಕ್ಯವನ್ನು ಇನ್ನೊಮ್ಮೆ ಓದಿ.

ಒಂದು ಎಚ್ಚರಿಕೆ: ಉಮೇದಿನಲ್ಲಿ ಮೂರು ಅಧ್ಯಾಯ ಓದಿ ನಿಲ್ಲಿಸುವವರಿಂದ ಸಂಸ್ಥೆಗೆ ಉಪಕಾರಕ್ಕಿಂತ ಪೇಚಾಟವೇ ಹೆಚ್ಚು. ಉಳಿದ ಅಧ್ಯಾಯ ಬೇರೆ ದನಿಗೆ ಹೊಂದಿಸಬೇಕು, ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಒಪ್ಪಿಕೊಳ್ಳುವಾಗಲೇ ಚಿಕ್ಕ ಪುಸ್ತಕ ಕೇಳಿ ತೆಗೆದುಕೊಳ್ಳುವುದು ಜಾಣತನ.

ಹಳೆಯ ಕ್ಯಾಲೆಂಡರ್ ಎಸೆಯಬೇಡಿ

ಬ್ರೈಲ್ ಬರೆಯುವುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಮಗು ಒಂದು ದಪ್ಪ ಹಾಳೆಯನ್ನು ಚೌಕಟ್ಟಿಗೆ ಸಿಕ್ಕಿಸುತ್ತದೆ. ಚೌಕಟ್ಟಿನಲ್ಲಿ ಸಾಲು ಸಾಲು ಕಿಂಡಿಗಳು, ಒಂದೊಂದರಲ್ಲೂ ಆರು ಚುಕ್ಕೆಗೆ ಜಾಗ. ಕೈಯಲ್ಲಿ ಮೊಂಡು ದಬ್ಬಳದಂಥ ಸ್ಟೈಲಸ್. ಟಕ್ ಟಕ್ ಎಂದು ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುತ್ತದೆ. ಹಾಳೆ ತಿರುವಿದಾಗ ಉಬ್ಬಿದ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಬೆರಳಲ್ಲಿ ಓದುತ್ತದೆ. ಅಂದರೆ ಬರೆಯುವಾಗ ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಆರೇಳು ವರ್ಷದ ಮಕ್ಕಳು ಇದನ್ನು ಲೀಲಾಜಾಲವಾಗಿ ಮಾಡುತ್ತಾರೆ.

ಕನ್ನಡ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಗುಣಿತ ಮೇಲೇರುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದರ ಪಕ್ಕ ಒಂದು. ‘ಕಿ’ ಬರೆಯಲು ‘ಕ’ ಒಂದು ಮನೆ, ‘ಇ’ ಇನ್ನೊಂದು ಮನೆ. ಹೀಗಾಗಿ ನಮ್ಮ ಒಂದು ಪಠ್ಯಪುಸ್ತಕ ಬ್ರೈಲ್‌ನಲ್ಲಿ ಹಲವು ಸಂಪುಟಗಳಾಗಿ ಕಪಾಟು ತುಂಬುತ್ತದೆ. ತೆಳು ಹಾಳೆಯಲ್ಲಿ ಚುಕ್ಕೆ ನಿಲ್ಲುವುದಿಲ್ಲ, ಹಾಳೆಯೇ ಹರಿಯುತ್ತದೆ. ದಪ್ಪ ಬ್ರೈಲ್ ಹಾಳೆ ದುಬಾರಿ.

ಇಲ್ಲಿ ನಿಮ್ಮ ಮೇಜಿನ ಮೇಲಿನ ಹಳೆಯ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ಬ್ಯಾಂಕು, ಕಂಪನಿಗಳು ಹಂಚುವ ದಪ್ಪ ಹಾಳೆಯ ಕ್ಯಾಲೆಂಡರಿನ ಮೇಲೆ ಏನು ಮುದ್ರಣವಾಗಿದ್ದರೂ ಬೆರಳಿಗೆ ಅಡ್ಡಿಯಿಲ್ಲ. ಮಕ್ಕಳು ಅಭ್ಯಾಸಕ್ಕೆ, ಲೆಕ್ಕ ಮಾಡಲು, ಟಿಪ್ಪಣಿಗೆ ಅದನ್ನೇ ಬಳಸುತ್ತಾರೆ. ಜನವರಿಯಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಇಟ್ಟರೆ ವಾರದಲ್ಲಿ ತುಂಬುತ್ತದೆ. ಸ್ಪೈರಲ್ ತಂತಿ ತೆಗೆದು, ಮಡಿಕೆ ಬೀಳದಂತೆ ಜೋಡಿಸಿ ಕೊಡಿ. ಮುದುಡಿದ ಹಾಳೆಯ ಸುಕ್ಕೂ ಬೆರಳಿಗೆ ಅಕ್ಷರದಂತೆ ತಾಕುತ್ತದೆ.

ಬೇಡದ್ದು ಹಳೆಯ ಬಟ್ಟೆ. ಬಹುತೇಕ ಸಂಸ್ಥೆಗಳ ಉಗ್ರಾಣದಲ್ಲಿ ಅದು ಗಂಟುಗಟ್ಟಲೆ ಬಿದ್ದಿರುತ್ತದೆ. ಕೊಟ್ಟವರಿಗೆ ಬೇಸರವಾದೀತೆಂದು ಬೇಡ ಎನ್ನಲಾರರು.

ಕಣ್ಣುದಾನ ಬೇರೆ ಲೆಕ್ಕ

ಅಂಧರ ಶಾಲೆಗೆ ಬರುವ ಅನೇಕರು ಮಕ್ಕಳ ತಲೆ ಸವರಿ ಕೇಳುವ ಮಾತೊಂದಿದೆ: ‘ನಾನು ಕಣ್ಣುದಾನಕ್ಕೆ ಬರೆದುಕೊಟ್ಟಿದ್ದೀನಿ, ಈ ಮಗುವಿಗೆ ಹಾಕಬಹುದಾ?’ ಬಹುಮಟ್ಟಿಗೆ ಆಗದು. ಕಣ್ಣುದಾನದಲ್ಲಿ ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾವನ್ನು. ಅದು ಕೆಟ್ಟು ದೃಷ್ಟಿ ಹೋದವರಿಗಷ್ಟೇ ಅದರಿಂದ ಪ್ರಯೋಜನ. ಅಕ್ಷಿಪಟಲ ಅಥವಾ ಕಣ್ಣಿನ ನರ ಹಾಳಾಗಿದ್ದರೆ ಕಾರ್ನಿಯಾ ಬದಲಿಸಿ ಫಲವಿಲ್ಲ.

ಹಾಗೆಂದು ಕಣ್ಣುದಾನ ಬಿಡಬೇಕಿಲ್ಲ. ನಟರಾದ ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಪುನೀತ್ ಅವರ ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಆಮೇಲೆ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಆದರೆ ನೋಂದಣಿಯ ಕಾರ್ಡು ಪರ್ಸಿನಲ್ಲಿದ್ದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಏನೂ ಆಗದು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ನೇತ್ರಬ್ಯಾಂಕಿಗೆ ಫೋನ್ ಮಾಡಬೇಕಾದವರು ಮನೆಯವರೇ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಿಟ್ಟರೆ ಸಾಕು.

ಇನ್ನು ಕಣ್ಣಿನ ಪೊರೆ. 50 ದಾಟಿದವರಲ್ಲಿ ಅಂಧತ್ವಕ್ಕೆ ಮುಖ್ಯ ಕಾರಣ ಇದೇ. 2015–19ರ ರಾಷ್ಟ್ರೀಯ ಸಮೀಕ್ಷೆ ಮೂರರಲ್ಲಿ ಎರಡು ಪಾಲು ಅಂಧತ್ವವನ್ನು ಪೊರೆಯ ಲೆಕ್ಕಕ್ಕೆ ಹಾಕಿತು. ಶಸ್ತ್ರಚಿಕಿತ್ಸೆಯಿಂದ ಇದು ಹೋಗುತ್ತದೆ. ಊರೂರಿಗೆ ಹೋಗಿ ಶಿಬಿರ ಮಾಡಿ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರನ್ನು ಜನ ಕಣ್ಣು ಕೊಟ್ಟ ಅಣ್ಣ ಎಂದೇ ಕರೆದರು. ಕಣ್ಣು ಬರಿಸುವ ಈ ಕೆಲಸ ಆಸ್ಪತ್ರೆಗಳದ್ದು. ಕಣ್ಣು ಬರದವರು ಓದಿ, ಓಡಾಡಿ, ದುಡಿದು ಬಾಳುವಂತೆ ಮಾಡುವುದು ನಾವು ಹೇಳುತ್ತಿರುವ ಸಂಸ್ಥೆಗಳದ್ದು. ಮೊದಲನೆಯದಕ್ಕೆ ದಾನಿಗಳು ಬೇಗ ಸಿಗುತ್ತಾರೆ. ಕಟ್ಟು ಬಿಚ್ಚಿದ ಮರುಗಳಿಗೆ ಅಜ್ಜಿ ಮೊಮ್ಮಗನ ಮುಖ ನೋಡುತ್ತಾಳೆ, ಫಲ ಕಣ್ಣೆದುರೇ ಇರುತ್ತದೆ. ಎರಡನೆಯದರ ಫಲ ಹದಿನೈದು ವರ್ಷದ ಮೇಲೆ.

ಚೀಟಿ ಅಂಟಿಸದ ದುಡ್ಡು

ದಾನಿಗಳು ಕಟ್ಟಡ ಕಟ್ಟಿಸುತ್ತಾರೆ, ಫಲಕ ಹಾಕಿಸುತ್ತಾರೆ. ಫ್ಯಾನಿನ ರೆಕ್ಕೆಯ ಮೇಲೂ ತೀರ್ಥರೂಪರ ಹೆಸರು ಬರೆಸಿದ್ದಾರೆ. ಆ ಫ್ಯಾನ್ ತಿರುಗಿಸುವ ಕರೆಂಟ್ ಬಿಲ್ಲಿಗೆ, ರಾತ್ರಿ ಮಕ್ಕಳಿಗೆ ಜ್ವರ ಬಂದರೆ ಎದ್ದು ಕೂರುವ ವಾರ್ಡನ್ ಸಂಬಳಕ್ಕೆ, ಬಿಳಿ ಕೋಲು ಹಿಡಿದು ರಸ್ತೆ ದಾಟುವುದನ್ನು ಕಲಿಸುವ ಶಿಕ್ಷಕರಿಗೆ ಯಾರೂ ಕೊಡುವುದಿಲ್ಲ. ಸಂಬಳಕ್ಕೆ ಎಂದರೆ ‘ಓಹೋ, ಆಡಳಿತ ವೆಚ್ಚವೋ’ ಎಂದು ಮುಖ ಗಂಟಿಕ್ಕುತ್ತಾರೆ. ಈ ಕೆಲಸದಲ್ಲಿ ಸಂಬಳವೇ ಸೇವೆ. ಕಲಿಸುವವರಿಲ್ಲದಿದ್ದರೆ ಕಟ್ಟಡದೊಳಗೆ ಇನ್ನೇನಿದೆ? ಒಮ್ಮೆಗೇ ಒಂದು ಲಕ್ಷ ಕೊಡುವುದಕ್ಕಿಂತ ತಿಂಗಳು ತಿಂಗಳು ತಪ್ಪದೆ ಸಾವಿರ ಬರುವುದು ಇಂಥ ಸಂಸ್ಥೆಗೆ ಹೆಚ್ಚು ನೆಮ್ಮದಿ. ಅದನ್ನು ನಂಬಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಕೊಡುವ ಮುಂಚೆ ವಿಚಾರಿಸುವುದು ತಪ್ಪಲ್ಲ. ನೋಂದಣಿ ಪತ್ರ, ಲೆಕ್ಕಪರಿಶೋಧಕರು ಸಹಿ ಮಾಡಿದ ಆಯವ್ಯಯ ಕೇಳಿ, ಒಳ್ಳೆಯ ಸಂಸ್ಥೆ ತಾನಾಗಿಯೇ ತೋರಿಸುತ್ತದೆ. ಆಡಳಿತ ಮಂಡಳಿಯಲ್ಲಿ, ಸಿಬ್ಬಂದಿಯಲ್ಲಿ ದೃಷ್ಟಿ ಇಲ್ಲದವರು ಎಷ್ಟು ಮಂದಿ ಎಂದೂ ಕೇಳಿ. ಅಲ್ಲಿ ಕಲಿತವರಿಗೆ ಅಲ್ಲಿಯೇ ಕುರ್ಚಿ ಇಲ್ಲದಿದ್ದರೆ ಯೋಚಿಸುವ ವಿಷಯ. ಬಸ್ ಸ್ಟ್ಯಾಂಡಿನಲ್ಲಿ ರಸೀದಿ ಪುಸ್ತಕ ಹಿಡಿದು ಬರುವವರ ಕೈಗೆ ನೋಟು ತುರುಕುವುದಕ್ಕಿಂತ ಸಂಸ್ಥೆಯ ಬಾಗಿಲಿಗೆ ಹೋಗುವುದು ಲೇಸು.

80ಜಿ ಎಂದು ಬಾಯಿಗೆ ಬಂದಿರುವ ತೆರಿಗೆ ರಿಯಾಯಿತಿ ಇದೆ. ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ಮೊತ್ತದ ಅರ್ಧದಷ್ಟನ್ನು ವರಮಾನದಿಂದ ಕಳೆಯಬಹುದು. ಎರಡು ಮಾತು ನೆನಪಿರಲಿ: 2,000 ರೂಪಾಯಿ ಮೀರಿದ ದಾನ ನಗದಾಗಿದ್ದರೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹೊರದೇಶದ ಕನ್ನಡಿಗರು ಒಂದು ಸೂಕ್ಷ್ಮ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗದು. ಅಮೆರಿಕದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರು ಕೊಟ್ಟರೆ, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಆ ಹಣ ಪಡೆಯಲು ಸಂಸ್ಥೆಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಅನುಮತಿ ಇರಬೇಕು. ಊರಿನ ಸಣ್ಣ ಸಂಸ್ಥೆಗಳಲ್ಲಿ ಎಷ್ಟೋ ಕಡೆ ಅದು ಇರುವುದಿಲ್ಲ. ಕೇಳದೆ ಕಳಿಸಿ ಅವರನ್ನು ಪೇಚಿಗೆ ಸಿಲುಕಿಸಬೇಡಿ.

ಫೋಟೊ ವಿಷಯ ಇಲ್ಲೇ ಹೇಳಿಬಿಡಬೇಕು. ತಟ್ಟೆ ಹಿಡಿದು ನಿಂತ ಮಗುವಿಗೆ ತನ್ನ ಚಿತ್ರ ತೆಗೆಯುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಆ ಚಿತ್ರ ಸಂಜೆಯೊಳಗೆ ಐವತ್ತು ಸ್ಟೇಟಸ್‌ಗಳಲ್ಲಿ ಹರಿದಾಡುತ್ತದೆ. ಯಾರೂ ಆ ಮಗುವಿನ ಒಪ್ಪಿಗೆ ಕೇಳಿರುವುದಿಲ್ಲ.

‘ರೆಡಿ?’ ‘ಎಸ್.’ ‘ಪ್ಲೇ!’

ಮೈದಾನದಲ್ಲೂ ಕೈಗಳು ಬೇಕು. ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಗಲಗಲಿಸುವ ಗುಂಡುಗಳಿರುತ್ತವೆ. ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟರ್ ‘ಎಸ್’ ಎಂದ ಮೇಲೆ ‘ಪ್ಲೇ’ ಎಂದು ಕೂಗಿ, ಕೈ ಕೆಳಗಿನಿಂದ ಚೆಂಡನ್ನು ನೆಲಕ್ಕೆ ತಾಗಿಸಿ ಉರುಳಿಸುತ್ತಾನೆ. ಪೂರ್ತಿ ಕಾಣದವರಿಗೆ ಬಿ1 ಎಂಬ ವರ್ಗ. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಇವರಿರಬೇಕು, ಇವರು ಗಳಿಸಿದ ರನ್‌ಗೆ ಇಮ್ಮಡಿ ಲೆಕ್ಕ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ತಂಡದ ನಾಯಕಿ ಕರ್ನಾಟಕದ ಪರ ಆಡುವ ಟಿ.ಸಿ. ದೀಪಿಕಾ. ಈ ಆಟದ ಹಿಂದೆ ನಿಂತಿರುವ ಸಮರ್ಥನಂ ಸಂಸ್ಥೆ 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು.

ಇಂಥ ಟೂರ್ನಿ ನಡೆಯುವಾಗ ರೈಲು ನಿಲ್ದಾಣದಿಂದ ಆಟಗಾರರನ್ನು ಕರೆತರಲು, ಸ್ಕೋರ್ ಬರೆಯಲು ಸ್ವಯಂಸೇವಕರು ಬೇಕು. ಕರೆತರುವಾಗ ಕೈಹಿಡಿದು ಎಳೆಯಬಾರದು. ನಿಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ‘ಇಲ್ಲಿ ಮೆಟ್ಟಿಲು’ ಎಂದಷ್ಟೇ ಹೇಳಿದರೆ ಸಾಲದು, ಹತ್ತುವುದೋ ಇಳಿಯುವುದೋ ಹೇಳಬೇಕು.

ಮಳಿಗೆಯಿಂದ ಕೆಲಸದವರೆಗೆ

ಓದು ಮುಗಿದ ಮೇಲೆ ಕೆಲಸ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ 4 ಮೀಸಲು, ಅದರಲ್ಲಿ ಶೇ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ. ಎಲ್ಲರಿಗೂ ಅದು ದಕ್ಕದು. ಊರಲ್ಲಿ ಸಣ್ಣ ಕಂಪನಿ, ಸಹಕಾರಿ ಬ್ಯಾಂಕು, ಆಸ್ಪತ್ರೆ ನಡೆಸುವವರು ಫೋನ್ ಎತ್ತುವ, ಲೆಕ್ಕ ಬರೆಯುವ, ವಿಚಾರಣೆಗೆ ಉತ್ತರಿಸುವ ಒಂದು ಹುದ್ದೆಯನ್ನು ತೆರೆದರೆ, ಅದು ವರ್ಷಪೂರ್ತಿ ಊಟ ಹಾಕಿಸಿದ್ದಕ್ಕಿಂತ ದೊಡ್ಡ ನೆರವು. ಸಂದರ್ಶನದಲ್ಲಿ ‘ನಿನಗೆ ಹೇಗೆ ಕಾಣುತ್ತೆ?’ ಎಂದು ಕೇಳುವ ಬದಲು ‘ಈ ಕೆಲಸ ಹೇಗೆ ಮಾಡ್ತೀರಿ, ತೋರಿಸಿ’ ಎನ್ನಿ. ಕಂಪ್ಯೂಟರ್ ಕೊಟ್ಟು ಹತ್ತು ನಿಮಿಷ ಬಿಡಿ.

ಕೆಲಸ ಕೊಡಲಾಗದವರು ಸರಕು ಕೊಳ್ಳಬಹುದು. ಹಲವು ಸಂಸ್ಥೆಗಳು ಮೇಣದ ಬತ್ತಿ, ಊದುಬತ್ತಿ, ಸೀಮೆಸುಣ್ಣ, ಫಿನಾಯಿಲ್ ಮಾಡುತ್ತವೆ, ಕುರ್ಚಿಗೆ ಬೆತ್ತ ಹೆಣೆದು ಕೊಡುತ್ತವೆ. ಗದುಗಿನ ನಾಟಕದಂತೆಯೇ, ಸರಕು ಚೆನ್ನಾಗಿದ್ದರೆ ಕೊಳ್ಳಿ, ಚೆನ್ನಾಗಿಲ್ಲದಿದ್ದರೆ ಹೇಳಿ, ಸರಿಮಾಡಿಕೊಳ್ಳುತ್ತಾರೆ. ಕಚೇರಿಯ ದೀಪಾವಳಿ ಉಡುಗೊರೆಗೆ ಐನೂರು ಬಾಕ್ಸ್ ಮೇಣದ ಬತ್ತಿ ಬೇಕಿದ್ದರೆ ಹಬ್ಬದ ಹಿಂದಿನ ವಾರ ಓಡಿಬರಬೇಡಿ. ಆರ್ಡರನ್ನು ಆಷಾಢದಲ್ಲೇ ಕೊಡಿ, ಅರ್ಧ ಹಣ ಮುಂಗಡ ಕೊಡಿ. ಮೇಣ ಕೊಳ್ಳಲು ಅವರಿಗೆ ಆಗಲೇ ದುಡ್ಡು ಬೇಕು.